ಒಳಪುಟದವರ ಅಕ್ಕೋರು

ಸಾವಿನ ಎದುರು ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ ಎಂಬುದು ಬಲು ಗಂಭೀರವಾದ ಸತ್ಯ. ಆದರೆ ಈ ಸತ್ಯ ನಮ್ಮ ಕಲಬುರಗಿಯ ಪತ್ರಿಕಾ ಕಚೇರಿಗಳಿಗೆ ಇನ್ನೂ ಮುಟ್ಟಿಲ್ಲ. ಅಲ್ಲಿ ಸತ್ತವರಲ್ಲಿ ಎರಡು ಜಾತಿ. ಕಾಲುಪುಟದ ಬಣ್ಣದ ಜಾಹೀರಾತಿನಲ್ಲಿ, ಸುತ್ತ ಹೂವಿನ ಚೌಕಟ್ಟು, ಕೆಳಗೆ ಮಕ್ಕಳು ಮೊಮ್ಮಕ್ಕಳು ಅಳಿಯಂದಿರ ಹೆಸರುಗಳ ಸಮೇತ ಹೋಗುವವರು ಒಂದು. ಒಳಪುಟದ ಮೂಲೆಯಲ್ಲಿ, 'ನಿಧನ' ಎಂಬ ಮೂರಕ್ಷರದ ಕೆಳಗೆ, ಅಂಚೆಚೀಟಿಯಷ್ಟು ಮುಖ ತೋರಿಸಿ, ಬೋರ್‌ವೆಲ್ಲಿನ ಜಾಹೀರಾತಿಗೆ ಜಾಗ ಬಿಟ್ಟು ಸರಿದುಕೊಳ್ಳುವವರು ಇನ್ನೊಂದು.

ಈ ಎರಡನೆಯ ಜಾತಿಯವರಿಗೆ ನಮ್ಮೂರಿನಲ್ಲಿ ಒಬ್ಬ ಅಕ್ಕೋರು ಇದ್ದರು. ಹೋದ ತಿಂಗಳು ತೀರಿಕೊಂಡರು.

ಅವರು ಪಾಠ ಮಾಡುತ್ತಿದ್ದ ಚಿತ್ರಕಲಾ ಕಾಲೇಜಿನಲ್ಲಿ ನಾನು ಕನ್ನಡದ ಮೇಷ್ಟ್ರು. ಚಿತ್ರಕಲಾ ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರ ಸ್ಥಾನಮಾನ ಮದುವೆ ಮನೆಯಲ್ಲಿ ಚಪ್ಪಲಿ ಕಾಯುವವನದು. ಬೇಕು, ಆದರೆ ಯಾರೂ ಫೋಟೋದಲ್ಲಿ ಸೇರಿಸುವುದಿಲ್ಲ. ಅಕ್ಕೋರು ಮುದ್ರಣಕಲೆಯವರು. ಅಂದರೆ ಹಲಗೆಯ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಉಳಿಯಿಂದ ಕೆತ್ತುವುದು, ರೋಲರಿನಿಂದ ಮಸಿ ಸವರುವುದು, ಕಾಗದ ಹಾಸಿ ಒತ್ತುವುದು. ಎತ್ತಿದರೆ ಚಿತ್ರ ನೆಟ್ಟಗೆ ಬಂದಿರುತ್ತದೆ. ಇಷ್ಟನ್ನು ತಿಳಿದುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. "ರೊಟ್ಟಿ ಬಡಿಯೋದು ಇದಕಿಂತ ಕಷ್ಟ ಅದ್ರಿ ಪಂಡಿತರ," ಅಂದಿದ್ದರು ಅಕ್ಕೋರು. ಅವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ.

ಹುಡುಗರು ಮೇಡಂ ಅನ್ನುತ್ತಿದ್ದರು. ಜವಾನನಿಂದ ಪ್ರಿನ್ಸಿಪಾಲರವರೆಗೆ ಉಳಿದವರಿಗೆಲ್ಲ ಅಕ್ಕೋರು. ಕೋಟೆಯ ಹಿಂದಿನ ಓಣಿಯ ವೈಷ್ಣವ ಮನೆತನ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ, ತರಕಾರಿ ಗಾಡಿಯ ಎದುರು ಉರ್ದು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಸ್ಟಾಫ್ ರೂಮಿನಲ್ಲಿ ಒಬ್ಬರಿಗೇ ಬಂದಿತ್ತು. "ನೀವು ಆಗೀರಲ್ಲ, ಏನಾತು?" ಎಂಬ ಉತ್ತರ ಪಡೆದು ಅವರು ಪಾಠಕ್ಕೆ ಹೋದರು. ಅಕ್ಕೋರ ಉಗುರಿನ ಸಂದಿಯಲ್ಲಿ ಮಸಿ ಕಾಯಂ ವಾಸ. ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆ ಕರೆದವರು ಇವರ ಕೈಗೆ ಅರಿಶಿನ ಹಚ್ಚಿದರೆ ಅದು ಹಸಿರಿಗೆ ತಿರುಗುತ್ತಿತ್ತು.

ಬೆಳಿಗ್ಗೆ ಸ್ಟಾಫ್ ರೂಮಿಗೆ ಪೇಪರ್ ಬಂದರೆ ನಾವು ಮುಖಪುಟಕ್ಕೆ ಕಿತ್ತಾಡುತ್ತಿದ್ದೆವು. ಅಕ್ಕೋರು ಮಾತ್ರ ಯಾರಿಗೂ ಬೇಡದ ಒಳಪುಟವನ್ನು ಎಳೆದುಕೊಂಡು, ನಿಧನದ ಮೂಲೆಯ ಮೇಲೆ ಭೂತಗನ್ನಡಿ ಇಟ್ಟು ಕೂತುಬಿಡುತ್ತಿದ್ದರು. ರಾಜ್ಯದಲ್ಲಿ ಸರಕಾರ ಬದಲಾಗಿದ್ದು ಅವರಿಗೆ ಒಮ್ಮೆ ವಾರ ತಡವಾಗಿ ಗೊತ್ತಾಯಿತು. "ಹೋದವರು ಯಾರು?" ಎಂದು ಕೇಳಿದರು. ಮುಖ್ಯಮಂತ್ರಿಗಳ ಹೆಸರು ಹೇಳಿದೆ. "ಅಯ್ಯೋ ಪಾಪ, ಏನಾಗಿತ್ತು?" ಅಂದರು.

ಈ ಅಭ್ಯಾಸ ಹುಟ್ಟಿದ್ದು ಒಂದು ಪತ್ರಿಕೆಯ ತಪ್ಪಿನಿಂದ.

ಅವರ ತಾಯಿ ತೀರಿಕೊಂಡ ವರ್ಷದ ಮಾತು. ಅಕ್ಕೋರು ತಾಯಿಯನ್ನು ಆಯಿ ಅನ್ನುತ್ತಿದ್ದರು. ಕಾಕಾ ಒಬ್ಬರು ಪೇಪರಿನವರಿಗೆ ಸುದ್ದಿ, ಫೋಟೋ ಕೊಟ್ಟು ಬಂದರು. ಮರುದಿನ ನಿಧನದ ಕಾಲಮ್ಮಿನಲ್ಲಿ ಆಯಿಯ ಹೆಸರು ಬಂತು, ಮುಖ ಬೇರೆಯವರದು. ಹಣೆ ತುಂಬ ಕುಂಕುಮ, ತಲೆ ಮೇಲೆ ಸೆರಗು, ನಗುವುದೋ ಬೇಡವೋ ಎಂದು ಕ್ಯಾಮೆರಾದವನನ್ನು ಕೇಳುತ್ತಿರುವಂಥ ಮುಖ. ಅವತ್ತು ಮಾತಾಡಿಸಲು ಬಂದ ಓಣಿಯವರು, "ಪೇಪರಿನಾಗ ನಿಮ್ಮ ಆಯಿ ಭಾಳ ಸಣ್ಣವರು ಕಾಣ್ತಾರಲ್ರಿ, ಹಳೇ ಫೋಟೋ ಏನು?" ಎಂದು ಕೇಳಿದರು. ಹೌದು ಎನ್ನುವುದೇ ಸುಲಭ ಎಂದು ಕಾಕಾ ಹೌದು ಅಂದರು. ಆಯಿಯ ಮುಖ ಅದೇ ಕಾಲಮ್ಮಿನಲ್ಲಿ ಒಂದಿಂಚು ಕೆಳಗೆ ಇತ್ತು. ಅಲ್ಲಿ ಅವರು ಕಮಲಾಪುರದ ಅಂಗನವಾಡಿ ಸಹಾಯಕಿ ಮಹಾದೇವಿಯಾಗಿ ತೀರಿಕೊಂಡಿದ್ದರು.

ಮರುದಿನ ಪತ್ರಿಕೆಯವರು ವಿಷಾದಿಸಿದರು. ಎರಡು ಸಾಲು. ಫೋಟೋ ಹಾಕಲಿಲ್ಲ.

ವಾರ ಕಳೆದ ಮೇಲೆ ಅಕ್ಕೋರು ನನ್ನ ಮೇಜಿನ ಹತ್ತಿರ ಬಂದರು. "ಪಂಡಿತರ, ಕಮಲಾಪುರಕ್ಕ ಹೋಗಿ ಬರೋಣೇನ್ರಿ? ಸಮಾಧಾನ ಹೇಳ್ಲಿಕ್ಕೆ ನನಗ ಬರಂಗಿಲ್ಲ. ನೀವು ಕನ್ನಡದವರು."

ಕನ್ನಡ ಸಾಹಿತ್ಯದ ಅಧ್ಯಯನಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತೆಂದು ಬಸ್ ಹತ್ತಿದೆ.

ಮಹಾದೇವಿಯ ಗಂಡ ಶರಣಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಕೆಂಪು ಬಾಳೆಹಣ್ಣು ಮಾರುವವನು. ವಿಷಯ ಕೇಳಿ ಗಾಡಿಯ ಮೇಲೆ ಗೋಣಿತಟ್ಟು ಹೊದಿಸಿ ಮನೆಗೆ ಕರೆದುಕೊಂಡು ಹೋದ. ಎದುರಿನ ಗೋಡೆಗೆ ಪೇಪರಿನ ಆ ತುಂಡನ್ನು ಗಂಜಿ ಹಚ್ಚಿ ಅಂಟಿಸಿದ್ದ. ಮಹಾದೇವಿಯ ಹೆಸರು, ಆಯಿಯ ಮುಖ. ಪಕ್ಕದಲ್ಲಿ ಕಣಗಿಲೆ ಹೂವು. ಆಯಿಯ ಹಣೆಯ ಮೇಲೆ ಅಗಲವಾದ ಕುಂಕುಮ.

"ಇವರು ನಿಮ್ಮವರಲ್ರಿ. ನಮ್ಮ ಆಯಿ," ಅಂದರು ಅಕ್ಕೋರು.

"ಗೊತ್ತದ್ರಿ ಅಕ್ಕೋರ. ಹೆಸರು ಆಕಿದೇ ಅದಲ್ರಿ, ಅದಕ್ಕ ಹರೀಲಿಲ್ಲ. ಮುಖ ಯಾರದೋ ಇರ್ಲಿ, ದೊಡ್ಡವರು ಕಂಡಂಗ ಕಾಣ್ತಾರ ಅಂತ ಮುಂಜಾನಿ ಇವರಿಗೇ ಕುಂಕುಮ ಹಚ್ಲಾಕತ್ತೀನಿ."

"ಅಪ್ಪಾ ಹೋದ ಮ್ಯಾಲೆ ನಮ್ಮ ಆಯಿಗೆ ಕುಂಕುಮ ಹಚ್ಚಿದವರು ನೀವೇ ನೋಡ್ರಿ."

ಶರಣಪ್ಪ ಗಾಬರಿಯಾದ. "ವಿಧವಾ ಇದ್ರೇನ್ರಿ? ತಪ್ಪಾತ್ರಿ ಅಕ್ಕೋರ, ಒರಸ್ತೀನಿ."

"ಬ್ಯಾಡ. ಇರ್ಲಿ ಬಿಡ್ರಿ." ಅಕ್ಕೋರು ಗೋಡೆಯ ಕಡೆಗೇ ನೋಡುತ್ತ ನಿಂತರು. "ಛಂದ ಕಾಣ್ತಾಳ."

ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬಳಕೆಯಾಗಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಮಹಾದೇವಿಯ ಫೋಟೋ ಅಂತ ಇದ್ದದ್ದು ಅಂಗನವಾಡಿಯ ಗುರುತಿನ ಚೀಟಿಯದೊಂದೇ. ಫೋಟೋ ತೆಗೆಯುವ ಮೊಬೈಲು ಶರಣಪ್ಪನಂಥವರ ಕೈಗೆ ಇನ್ನೂ ಬಂದಿರದ ಕಾಲ. ಆ ಚೀಟಿಯನ್ನು ಊರಿನ ಪತ್ರಿಕಾ ಬಾತ್ಮೀದಾರನಿಗೆ ಕೊಟ್ಟಿದ್ದ. ಅವನು ಕಲಬುರಗಿಗೆ ಹೋಗುವವರ ಕೈಲಿ ಕೊಟ್ಟಿದ್ದ. ಅಲ್ಲಿಂದ ಮುಂದೆ ಚೀಟಿ ಎತ್ತ ಹೋಯಿತೋ ಯಾರಿಗೂ ಗೊತ್ತಿಲ್ಲ. ಪತ್ರಿಕಾ ಕಚೇರಿಯ ಕಂಪ್ಯೂಟರಿನಲ್ಲಿ ಇರಬಹುದೆಂದು ಅಕ್ಕೋರು ಹೋಗಿ ಕೇಳಿದಾಗ, "ಸತ್ತವರನ್ನ ದಿನಾ ಅಳಿಸ್ತೀವ್ರಿ ಮೇಡಂ, ಜಾಗ ಸಾಲಂಗಿಲ್ಲ," ಅಂದರಂತೆ. ಹೀಗಾಗಿ ಮಹಾದೇವಿಯ ಮುಖ ಜಗತ್ತಿನಲ್ಲಿ ಉಳಿದದ್ದು ಅಕ್ಕೋರ ತಾಯಿಯ ಹೆಸರಿನ ಮೇಲಿನ ಆ ಅಂಚೆಚೀಟಿಯಷ್ಟು ಪೇಪರಿನಲ್ಲಿ ಮಾತ್ರ. ಅದನ್ನು ಕತ್ತರಿಸಿ ತಂದಿದ್ದ ಅಕ್ಕೋರು ಅವತ್ತೇ ಶರಣಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಗೋಡೆಗೆ ಅಂಟಿಸಿದ್ದರ ಪಕ್ಕ ಹಿಡಿದು ನೋಡಿದ.

"ಒಂದರಾಗ ಹೆಸರ ಅದ, ಒಂದರಾಗ ಮುಖ ಅದ. ನೀವು ಚಿತ್ರದವರು ಅಂತೀರಿ. ಎರಡೂ ಕೂಡ್ಸಿ ಒಂದು ದೊಡ್ಡದು ಮಾಡಿ ಕೊಡ್ತೀರೇನ್ರಿ?"

ಹೀಗೆ ಶುರುವಾಯಿತು. ಪೇಪರಿನ ಫೋಟೋ ಅಂದರೆ ಮಸಿಯ ಚುಕ್ಕಿಗಳ ಗುಂಪು. ಅಕ್ಕೋರು ಆ ಚುಕ್ಕಿಗಳನ್ನೇ ದೊಡ್ಡದು ಮಾಡಿ, ಎದೆಯೆತ್ತರದ ಪ್ಲೈವುಡ್ ಹಲಗೆಯ ಮೇಲೆ ಒಂದೊಂದನ್ನೂ ಉಳಿಸುತ್ತ ಸುತ್ತಲಿನ ಮರವನ್ನು ಕೆತ್ತಿ ತೆಗೆದರು. ಮೇ ತಿಂಗಳಲ್ಲಿ ರೋಲರಿನ ಮೇಲೆ ಮಸಿ ಹಪ್ಪಳವಾಗುವ ಊರು ನಮ್ಮದು. ಬಿಸಿಲೇರುವ ಮೊದಲೇ ಬಂದು ಅಚ್ಚು ತೆಗೆದರು. ಮಹಾದೇವಿಯದು ಮುಗಿದ ಮೇಲೆ ಅದೇ ಅಳತೆಯಲ್ಲಿ ಆಯಿಯದು. ಪತ್ರಿಕೆಯವರು ಮಾಡದ ತಿದ್ದುಪಡಿಯನ್ನು ಹೀಗೆ ಮರದಲ್ಲಿ ಮಾಡಿ ಮುಗಿಸಿದರು.

ಮೊದಲ ಅಚ್ಚನ್ನು ಸುರುಳಿ ಸುತ್ತಿಕೊಂಡು ಮತ್ತೆ ಕಮಲಾಪುರಕ್ಕೆ ಹೋದೆವು. ಶರಣಪ್ಪ ಗೋಡೆಗೆ ಒತ್ತಿ ಹಿಡಿದು, ಮೂಗು ತಾಗಿಸಿ ನೋಡಿದ.

"ಬರೀ ಚುಕ್ಕಿ ಅವಲ್ರಿ ಅಕ್ಕೋರ."

"ಹಿಂದ ಸರೀರಿ."

ಅಚ್ಚನ್ನು ನನ್ನ ಕೈಗೆ ಕೊಟ್ಟು ನಡುಮನೆಯವರೆಗೆ ಸರಿದ. "ಇನ್ನೂ," ಅಂದರು ಅಕ್ಕೋರು. ಹೊಸ್ತಿಲಿಗೆ ಹೋದ. ಕಟ್ಟೆ ಇಳಿದ. ರಸ್ತೆಯ ನಡುವೆ ಹೋಗಿ ತಿರುಗಿ ನಿಂತವನು ಅಲ್ಲೇ ನಿಂತುಬಿಟ್ಟ. ಹಿಂದೆ ಟಂಟಂ ಆಟೋ ಒಂದು ಹಾರ್ನ್ ಹೊಡೆಯಿತು, ಬೈದಿತು, ಸುತ್ತಿ ಹೋಯಿತು. ನಾನು ಒಳಗೆ ಆ ಕಾಗದವನ್ನು ಎತ್ತಿ ಹಿಡಿದುಕೊಂಡು, ನಾಟಕದ ಪರದೆ ಹಿಡಿದವನಂತೆ, ಕೈ ನೋಯುತ್ತಿದ್ದರೂ ಇಳಿಸಲಿಲ್ಲ.

ದೂರದಿಂದ ನೋಡಿದರೆ ಮಾತ್ರ ಮನುಷ್ಯರು ಕಾಣುತ್ತಾರೆ ಎಂದು ಅಕ್ಕೋರು ಇವತ್ತಲ್ಲ ನಾಳೆ ಹೇಳಿಯೇ ಹೇಳುತ್ತಾರೆಂದು ನಾನು ವರ್ಷಗಟ್ಟಲೆ ಕಾದೆ. ಹೇಳಲಿಲ್ಲ. ಹೊರಡುವಾಗ ಶರಣಪ್ಪನಿಗೆ ಹೇಳಿದ್ದು ಇಷ್ಟೇ: "ಕಾಗದ ಅದ, ಕೆಡ್ತದ. ಕೆಟ್ಟ್ರ ಬರ್ರಿ. ಹಲಗಿ ನನ್ನ ಹತ್ರ ಇರ್ತದ, ಇನ್ನೊಂದು ತಗದು ಕೊಡ್ತೀನಿ."

ಮುಂದೆ ಇದೇ ಅವರ ಕಸುಬಾಯಿತು. ನಿಧನದ ಕಾಲಮ್ಮಿನಿಂದ ಒಬ್ಬರನ್ನು ಆರಿಸುವುದು, ಮನೆ ಹುಡುಕಿಕೊಂಡು ಹೋಗಿ ಕೇಳುವುದು, ಕೆತ್ತುವುದು, ಮೊದಲ ಅಚ್ಚನ್ನು ಆ ಮನೆಗೆ ಮುಟ್ಟಿಸಿದ ಮೇಲೆ ಉಳಿದ ಮಾತು. ಜಗತ್ ಸರ್ಕಲ್ಲಿನ ಹಿಂದಿನ ಒಬ್ಬ ಗಡಿಯಾರ ರಿಪೇರಿಯವರು, ಶರಣಬಸವೇಶ್ವರ ಗುಡಿಯ ಎದುರು ಕಾಯಿ ಮಾರುತ್ತಿದ್ದ ಅಜ್ಜಿ, ನಿವೃತ್ತ ಲೈನ್‌ಮನ್ ಒಬ್ಬರು. ಸಮಾಧಾನಾಧಿಕಾರಿಯಾಗಿ ನಾನೂ ಹಿಂದೆ. ನಮ್ಮಿಬ್ಬರನ್ನು ನೋಡಿದ ಕೂಡಲೇ ಹೆಚ್ಚಿನ ಮನೆಗಳಲ್ಲಿ ವಿಮೆಯವರು ಬಂದರೆಂದು ಕುರ್ಚಿ ಹಾಕುತ್ತಿದ್ದರು. ಅಲ್ಲ ಎಂದು ತಿಳಿದ ಮೇಲೆ ಚಹಾದಲ್ಲಿ ಸಕ್ಕರೆ ಕಡಿಮೆಯಾಗುತ್ತಿತ್ತು. ಆದರೂ ಪ್ರತಿ ಹೊಸ್ತಿಲಲ್ಲೂ ಚಪ್ಪಲಿ ಮೆಟ್ಟುತ್ತ ಅಕ್ಕೋರು ಅದೇ ಮಾತು ಹೇಳುತ್ತಿದ್ದರು: "ಕೆಟ್ಟ್ರ ಬರ್ರಿ."

ಅತ್ತ ಕ್ಲಾಸಿನಲ್ಲಿ ಇನ್ನೊಂದು ಮಾತು ಹೇಳುತ್ತಿದ್ದರು. ಮುದ್ರಣಕಲೆಯಲ್ಲಿ ಒಂದು ರೂಢಿ ಇದೆ. ಒಂದು ಹಲಗೆಯಿಂದ ಇಂತಿಷ್ಟೇ ಅಚ್ಚು ಎಂದು ಮೊದಲೇ ಗೊತ್ತುಮಾಡಿ, ಅಷ್ಟನ್ನೂ ತೆಗೆದ ಮೇಲೆ ಹಲಗೆಯ ಮೇಲೆ ಮೂಲೆಯಿಂದ ಮೂಲೆಗೆ ಉಳಿಯಿಂದ ಒಂದು ಗೀರು ಎಳೆಯಬೇಕು. ಅಲ್ಲಿಗೆ ಹಲಗೆ ರದ್ದು. ಇನ್ನು ಯಾರು ಅಚ್ಚು ತೆಗೆದರೂ ಗೀರು ಮೂಡುತ್ತದೆ, ಕಳ್ಳತನ ಬಯಲಾಗುತ್ತದೆ. "ಹಲಗಿ ರದ್ದು ಮಾಡದವ ಕಲಾವಿದ ಅಲ್ಲ, ಪಾಂಪ್ಲೆಟ್ ಹೊಡಿಯಾಂವ," ಎಂದು ಹುಡುಗರಿಗೆ ಗದರುತ್ತಿದ್ದರು. ಹೊಸ್ತಿಲಿನ ಮಾತು, ಕ್ಲಾಸಿನ ಮಾತು ಎರಡೂ ಒಂದೇ ಬಾಯಿಂದ ಬರುತ್ತಿದ್ದವು. ಅವೆರಡೂ ಎದುರುಬದುರು ನಿಲ್ಲುವ ದಿನ ಬಂದಿರಲಿಲ್ಲ, ಅಷ್ಟೇ. ಯಾಕೆಂದರೆ ಅಕ್ಕೋರ ಅಚ್ಚುಗಳನ್ನು ಕೇಳುವವರೇ ಇರಲಿಲ್ಲ. ಕಾಲೇಜಿನ ವರಾಂಡದಲ್ಲಿ ನೋಟಿಸ್ ಬೋರ್ಡಿನ ಪಕ್ಕ ತೂಗುಹಾಕಿದ್ದರು. ವರಾಂಡ ಇಕ್ಕಟ್ಟು. ಹಿಂದೆ ಸರಿಯಲು ಜಾಗವಿಲ್ಲದೆ ಹುಡುಗರು ಚುಕ್ಕಿ ನೋಡಿಕೊಂಡು ಹೋಗುತ್ತಿದ್ದರು.

ಅಕ್ಕೋರಿಗೆ ಬೇಕಾಗಿದ್ದದ್ದು ಒಂದು ದೊಡ್ಡ ಗೋಡೆ. "ಒಂದು ಸಲ ಎಲ್ಲಾರನೂ ಒಟ್ಟಿಗೆ ನಿಲ್ಲಿಸಿ, ದೂರದಿಂದ ನೋಡಬೇಕ್ರಿ ಪಂಡಿತರ," ಅನ್ನುತ್ತಿದ್ದರು. ಬೇರೇನನ್ನೂ ಅವರು ಹೀಗೆ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ.

ನಿವೃತ್ತಿ ಹತ್ತಿರ ಬಂದಾಗ ಆ ಗೋಡೆ ಸಿಕ್ಕಿತು. ಅವರ ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ ಒಂದು ದೊಡ್ಡ ಊರಿನ ಗ್ಯಾಲರಿಯವರು ಅಚ್ಚುಗಳನ್ನು ನೋಡಿದರು, ಮೆಚ್ಚಿದರು, ಎಲ್ಲವನ್ನೂ ಒಟ್ಟಿಗೆ ತೂಗುಹಾಕುತ್ತೇವೆ, ಕೊಳ್ಳುತ್ತೇವೆ ಅಂದರು. ಒಂದೇ ಷರತ್ತು: ತಮ್ಮ ಪ್ರತಿನಿಧಿಯ ಎದುರು ಹಲಗೆಗಳನ್ನು ರದ್ದು ಮಾಡಬೇಕು. ಹೊಸ ಷರತ್ತೇನಲ್ಲ, ಅಕ್ಕೋರದೇ ಪಾಠ. ಅಕ್ಕೋರು ಉದ್ಘಾಟನೆಗೆಂದು ಒಂದು ಇಳಕಲ್ ಸೀರೆ ಕೊಂಡರು. ಕೊಂಡದ್ದನ್ನು ಸ್ಟಾಫ್ ರೂಮಿಗೆ ತಂದು ತೋರಿಸಿದರು. ಅದು ಅವರ ಜಾಯಮಾನವೇ ಅಲ್ಲ, ಹಾಗಾಗಿ ಎಲ್ಲರೂ ಎದ್ದು ನಿಂತು ನೋಡಿದೆವು.

ಗ್ಯಾಲರಿಯ ಪ್ರತಿನಿಧಿ ಬಂದ ದಿನ ನಾನೂ ಇದ್ದೆ. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ನಮ್ಮ ಬಿಸಿಲನ್ನು ಬೈಯಲಿಲ್ಲ. ಹಲಗೆಗಳನ್ನೆಲ್ಲ ಗೋಡೆಗೆ ಒರಗಿಸಿ ಇಟ್ಟಿತ್ತು. ಇನ್ನೇನು ಶುರು ಮಾಡಬೇಕು, ಬಾಗಿಲಲ್ಲಿ ಶರಣಪ್ಪ. ಟವೆಲ್ಲಿನಲ್ಲಿ ಒಂದು ಚಿಪ್ಪು ಕೆಂಪು ಬಾಳೆ, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಅವನಿಗೆ ಗ್ಯಾಲರಿಯ ಸಂಗತಿ ಏನೂ ಗೊತ್ತಿರಲಿಲ್ಲ. ಮಹಾದೇವಿಯ ಅಚ್ಚು ಕೆಟ್ಟಿತ್ತು, ಬಂದಿದ್ದ. ಬಿಚ್ಚಿ ತೋರಿಸಿದ. ಚೌಕಟ್ಟು ಹಾಕಿಸದೆ ಗೋಡೆಗೆ ಅಂಟಿಸಿ ಇಷ್ಟು ವರ್ಷ ಮುಂಜಾನೆ ಎದ್ದು ಕುಂಕುಮ ಹಚ್ಚಿದ್ದಕ್ಕೆ ಹಣೆಯ ಜಾಗದಲ್ಲಿ ಕಾಗದ ಸವೆದು ತೂತಾಗಿತ್ತು.

"ಕೂಡ್ರಿ ಶರಣಪ್ಪ, ಇದೊಂದು ಕೆಲಸ ಮುಗಿಸಿಬಿಡ್ತೀನಿ," ಅಂದರು ಅಕ್ಕೋರು.

"ಮೊದಲು ನಮ್ಮ ಮನಿಯಾಕಿ," ಎಂದು ಆಯಿಯ ಹಲಗೆ ಎಳೆದುಕೊಂಡರು. "ಆಯಿ, ಸ್ವಲ್ಪ ತಡ್ಕೋ." ಉಳಿ ಇಟ್ಟು ಎಡಮೂಲೆಯಿಂದ ಬಲಮೂಲೆಗೆ, ಹಣೆ, ಮೂಗು, ಗದ್ದದ ಮೇಲೆ ಹಾಯಿಸಿ ಒಂದೇ ಗೀರು ಎಳೆದರು. ಆಮೇಲೆ ಗಡಿಯಾರದವರು, ಕಾಯಿಯ ಅಜ್ಜಿ, ಲೈನ್‌ಮನ್. ಐದನೆಯದು ಎಳೆದುಕೊಂಡಾಗ ಶರಣಪ್ಪ ಎದ್ದು ನಿಂತ.

"ಅಕ್ಕೋರ, ಇದು ನಮ್ಮಾಕಿ ಅಲ್ಲೇನ್ರಿ?"

"ಹೌದು."

"ಆಕಿ ಮುಖಕ್ಕೂ ಗೀರ ಎಳೀತೀರೇನ್ರಿ?"

"ರೂಢಿ ಅದ ಶರಣಪ್ಪ. ಇನ್ನ ಮ್ಯಾಲೆ ಇದರಿಂದ ಯಾರೂ ಅಚ್ಚು ತೆಗೀಬಾರದು ಅಂತ."

ಶರಣಪ್ಪ ಕೈಯಲ್ಲಿದ್ದ ತೂತು ಬಿದ್ದ ಕಾಗದವನ್ನು ನೋಡಿಕೊಂಡ. "ಹಂಗಾದ್ರ ನಾ ಬಂದಿದ್ದು ತಡ ಆತು. ಇರ್ಲಿ ಬಿಡ್ರಿ. ನಿಮ್ಮ ಕೆಲಸ ನೀವು ಮಾಡ್ರಿ," ಎಂದು ಕಾಗದವನ್ನು ಮತ್ತೆ ಸುರುಳಿ ಸುತ್ತಿ, ಮಣ್ಣು ಕೊಡುವ ಹೊತ್ತಿಗೆ ಮನೆಯವರು ಮಾಡುವ ಹಾಗೆ, ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ.

ಜಗಳ ಮಾಡಿದ್ದರೆ ಅಕ್ಕೋರು ರೂಢಿಯ ಪಾಠ ಒಪ್ಪಿಸಿ ಗೀರು ಎಳೆದೇ ಬಿಡುತ್ತಿದ್ದರೇನೋ. ಅವನು ಬೆನ್ನು ತೋರಿಸಿ ನಿಂತ. ಅಕ್ಕೋರು ಉಳಿಯನ್ನು ಮೇಜಿನ ಮೇಲೆ ಇಟ್ಟರು.

ಪ್ರತಿನಿಧಿಗೆ ಅರ್ಥವಾಯಿತು. ಮೆಲ್ಲಗೆ ಹೇಳಿದ, "ಮೇಡಂ, ಇದೊಂದು ಬಿಟ್ಟುಬಿಡೋಣ. ನಾನು ಗ್ಯಾಲರಿಯವರಿಗೆ ಹೇಳ್ತೀನಿ. ಉಳಿದವು ಸಾಕು."

ಅಕ್ಕೋರು ಒರಗಿಸಿಟ್ಟ ಹಲಗೆಗಳನ್ನು ಒಮ್ಮೆ ನೋಡಿದರು. "ಉಳಿದವರ ಮನಿಯವರು ಇವತ್ತು ಬಂದಿಲ್ಲ, ಅಷ್ಟೇ," ಅಂದರು.

ಅವನಿಗೆ ಇದು ತಿಳಿಯಲಿಲ್ಲ. ನನಗೆ ತಿಳಿಯಿತು. ಆ ಎಲ್ಲ ಹೊಸ್ತಿಲುಗಳಲ್ಲೂ ನಾನು ಪಕ್ಕದಲ್ಲಿ ನಿಂತು ಚಪ್ಪಲಿ ಹುಡುಕುತ್ತಿದ್ದೆ. "ಅಕ್ಕೋರ, ವಿಚಾರ ಮಾಡ್ರಿ. ಇಂಥ ಗೋಡಿ ಮತ್ತ ಸಿಗಂಗಿಲ್ಲ," ಅಂದೆ.

"ಗೊತ್ತದ," ಅಂದರು. ಹಲಗೆಯ ಮೇಲಿನ ಮರದ ಪುಡಿ ಒರೆಸಿ, "ಭಾಳ ಆಸೆ ಇತ್ರಿ," ಅಂದರು.

ಆಮೇಲೆ ಮಸಿ ಕಲೆಸಿ, ಮಹಾದೇವಿಯ ಹಲಗೆಗೆ ರೋಲರ್ ಹಾಯಿಸಿ, ಹೊಸ ಅಚ್ಚು ತೆಗೆದು ಶರಣಪ್ಪನಿಗೆ ಕೊಟ್ಟರು. "ಈ ಸಲ ಗ್ಲಾಸ್ ಹಾಕಿಸ್ರಿ. ಕುಂಕುಮ ಗ್ಲಾಸಿನ ಮ್ಯಾಲೆ ಹಚ್ಚರಿ."

"ಗ್ಲಾಸಿನ ಮ್ಯಾಲ ಹಚ್ಚಿದ್ರ ಆಕಿಗಿ ಮುಟ್ಟತದೇನ್ರಿ ಅಕ್ಕೋರ?"

ಅಕ್ಕೋರು ರೋಲರಿನ ಮಸಿ ಒರೆಸತೊಡಗಿದರು. "ಹಂಗಾದ್ರ ಹಾಕಿಸಬ್ಯಾಡ್ರಿ. ಕೆಟ್ಟ್ರ ಬರ್ರಿ," ಅಂದರು.

ಪ್ರತಿನಿಧಿ ಬಾಳೆಹಣ್ಣು ತಿಂದು, ಚೆನ್ನಾಗಿದೆ ಎಂದು ಹೇಳಿ, ಸಂಜೆಯ ರೈಲಿಗೆ ಹೋದ. ಗ್ಯಾಲರಿಯವರು ಫೋನ್ ಮಾಡಿ ಮುಂದೆ ನೋಡೋಣ ಅಂದರು. ಇಳಕಲ್ ಸೀರೆಯನ್ನು ಅಕ್ಕೋರು ನಿವೃತ್ತಿಯ ದಿನ ಉಟ್ಟರು. ಸೀರೆ ಬಹಳ ಚೆನ್ನಾಗಿದೆ ಎಂದು ಪ್ರಿನ್ಸಿಪಾಲರು ಭಾಷಣದಲ್ಲೇ ಹೇಳಿದರು. ಅಕ್ಕೋರು ನನ್ನ ಕಡೆ ಬಾಗಿ, "ಬ್ಯಾರೆ ಕೆಲಸಕ್ಕ ತಂದಿದ್ದು," ಅಂದರು.

ಉಳಿದ ಹಲಗೆಗಳೇನೋ ಬದುಕಿಕೊಂಡವು. ಗೀರು ಬಿದ್ದ ನಾಲ್ಕರದು ಏನು? ಮರದ ಪುಟ್ಟಿ ತುಂಬಿ ನೋಡಿದರು. ಮಸಿ ಹಿಡಿಯಲಿಲ್ಲ, ಮುಖದ ಮೇಲೆ ಗಾಯ ಮಾಗಿದ ಹಾಗೆ ಕಾಣಿಸಿತು. ಹೊಸ ಪ್ಲೈವುಡ್ ತರಿಸಿ, ಪೇಪರಿನ ತುಂಡುಗಳನ್ನು ಮತ್ತೆ ಎದುರಿಗೆ ಇಟ್ಟುಕೊಂಡು, ಮೊದಲಿನಿಂದ ಕೆತ್ತಲು ಕೂತರು. ಅಷ್ಟು ಹೊತ್ತಿಗೆ ಪೇಪರು ಹಳದಿಯಾಗಿತ್ತು, ಚುಕ್ಕಿಗಳು ಒಂದಕ್ಕೊಂದು ಸೇರಿಕೊಂಡಿದ್ದವು. ಅಕ್ಕೋರ ಕಣ್ಣೂ ಹೋಗುತ್ತ ಬಂದಿತ್ತು. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು, ಇನ್ನೊಂದು ಅದಕ್ಕೂ ಮೀರಿದ್ದು ಅಂದರು ಡಾಕ್ಟರು.

ನಾನು ಹೋದಾಗಲೆಲ್ಲ ಕೋಟೆಯ ಹಿಂದಿನ ಆ ಮನೆಯ ಪಡಸಾಲೆಯಲ್ಲಿ ಹಲಗೆಯ ಮೇಲೆ ಕೆನ್ನೆ ಒರಗಿಸಿಕೊಂಡು ಕೆತ್ತುತ್ತಿರುತ್ತಿದ್ದರು. ಬೆರಳಿನಿಂದ ಚುಕ್ಕಿ ತಡವಿ, ಉಳಿ ಇಟ್ಟು, ಊದಿ, ಮತ್ತೆ ತಡವುತ್ತಿದ್ದರು. ಗಡಿಯಾರದವರು ಆದರು. ಅವರ ಮಗ ಬಂದು ಒಂದು ಅ‍ಚ್ಚು ತೆಗೆದುಕೊಂಡು ಹೋದ. ಕಾಯಿಯ ಅಜ್ಜಿ ಆದರು. ಅವರ ಮನೆಯವರು ಯಾರೂ ಬರಲಿಲ್ಲ, ಆದರೂ ಆದರು.

"ಆಯಿದು ಮೊದಲು ಮಾಡ್ಕೋಬಾರದೇನ್ರಿ, ಕಣ್ಣಿರೋ ತನಕ?" ಎಂದು ಕೇಳಿದೆ.

"ಆಯಿ ನಮ್ಮಾಕಿ. ಆಕಿಗೆ ತಡ್ಕೋ ಅಂತ ಹೇಳೀನಿ. ಇವರಿಗೆ ಹಂಗ ಹೇಳ್ಲಿಕ್ಕೆ ಬರ್ತದೇನು?"

ಕೊನೆಯ ಸಲ ಹೋದಾಗ ಲೈನ್‌ಮನ್ನರದು ಮುಗಿಸಿ ಮಸಿ ಹಾಕಿದ್ದರು. ಅಚ್ಚನ್ನು ಹಿಡಿದುಕೊಂಡು ನಿಲ್ಲಲು ನನಗೆ ಹೇಳಿ, ತಾವು ಗೋಡೆ ಹಿಡಿದು ಹಿಂದೆ ಹಿಂದೆ ಸರಿದು, ಅಂಗಳ ದಾಟಿ, ಬಾಗಿಲ ಹತ್ತಿರ ನಿಂತರು. "ಕಾಣ್ತದೇನ್ರಿ?" ಎಂದು ಕೂಗಿದೆ. "ನೀವು ಕಾಣ್ತೀರಿ. ಅಚ್ಚು ಬಂದದೇನು, ಸರಿಯಾಗಿ ಹೇಳ್ರಿ," ಅಂದರು. ಬಂದಿದೆ ಎಂದು ಹೇಳಿದೆ. ಬಂದೇ ಇತ್ತು.

ಅಕ್ಕೋರು ಹೋದ ಮೇಲೂ ಆಯಿಗೆಂದು ತರಿಸಿದ್ದ ಪ್ಲೈವುಡ್ ಪಡಸಾಲೆಯಲ್ಲಿ ಗೋಡೆಗೆ ಒರಗಿದೆ. ಅದರ ಮೇಲೆ ಒಂದು ಗುರುತೂ ಬಿದ್ದಿಲ್ಲ. ಪ್ರದರ್ಶನ ನಡೆಯಲಿಲ್ಲ. ರದ್ದು ಮಾಡಿದ ನಾಲ್ಕು ಹಲಗೆಗಳಲ್ಲಿ ಮೂರನ್ನು ಹೊಸದಾಗಿ ಕೆತ್ತಲಾಗಿದೆ, ತಾಯಿಯದು ಆಗಿಲ್ಲ.